ಲಂಡನ್‌ನಲ್ಲಿ ಒಂದೇ ಒಂದು ಕಾಫಿ ಗಿಡ ಇಲ್ಲ, ದರ ಮಾತ್ರ ಅಲ್ಲೇ ಯಾಕೆ?

ಬಸವನಗುಡಿ_ಡಿಕಾಕ್ಷನ್

ಎಲ್ಲರಿಗೂ ನಮಸ್ಕಾರ. ಮಗಳು ಈ ವರ್ಷ ಸೆಕೆಂಡ್ ಪಿಯುಸಿ ಕಾಮರ್ಸ್. ಜಾಗತೀಕರಣದ ಪಾಠ ಬಂದಿದೆ. "ದೇಶಗಳ ಆರ್ಥಿಕತೆಗಳು ಒಂದಕ್ಕೊಂದು ಬೆಸೆದುಕೊಳ್ಳುವುದು" ಅಂತ ಬಾಯಿಪಾಠ ಮಾಡಿಕೊಂಡಿದ್ದಾಳೆ. ಬೆಸೆದುಕೊಂಡರೆ ಏನಾಗುತ್ತದೆ ಅಂತ ಕೇಳಿದರೆ ನನ್ನ ಮುಖ ನೋಡುತ್ತಾಳೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿದವನು, ನನಗೂ ಎರಡು ವಾಕ್ಯಕ್ಕಿಂತ ಜಾಸ್ತಿ ಹೇಳಲು ಬರಲಿಲ್ಲ.

ಅದಕ್ಕೇ ಕಾಫಿ ಹಿಡಿದುಕೊಂಡು ಕೇಳುತ್ತಿದ್ದೇನೆ. 2024ರಿಂದ ಈಚೆಗೆ ಪುಡಿ ರೇಟು ಏರಿದ್ದು ಎಲ್ಲರಿಗೂ ಗೊತ್ತು. ಅಂಗಡಿಯಲ್ಲಿ ಕೇಳಿದರೆ "ಲಂಡನ್ ಮಾರ್ಕೆಟ್ ಸಾರ್" ಅನ್ನುತ್ತಾರೆ. ಬೆಳೆಯುವುದು ಚಿಕ್ಕಮಗಳೂರು, ಹುರಿಯುವುದು ಬೆಂಗಳೂರು, ಕುಡಿಯುವವನು ನಾನು. ನಡುವೆ ಲಂಡನ್ ಎಲ್ಲಿಂದ ಬಂತು? ನಾನು ಜಾಸ್ತಿ ಕೊಟ್ಟ ದುಡ್ಡು ಬೆಳೆಗಾರರಿಗೆ ಮುಟ್ಟುತ್ತದಾ? ತಿಳಿದವರು ಸರಳವಾಗಿ ಹೇಳಿ.

ಮೂಟೆ_ಲೆಕ್ಕ

ನಾನು ಕುಶಾಲನಗರ ಕಡೆ ಕ್ಯೂರಿಂಗ್ ವರ್ಕ್ಸ್ (ಕಾಫಿ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ಒಂದರಲ್ಲಿ ಖರೀದಿ ನೋಡಿಕೊಳ್ಳುವವನು. ರೇಟಿನ ಪ್ರಶ್ನೆ ನನಗೆ ಬಿಡಿ.

ಮೊದಲಿಗೆ, ಲಂಡನ್ ಒಂದೇ ಅಲ್ಲ. ಕಾಫಿಯಲ್ಲಿ ಮುಖ್ಯವಾಗಿ ಎರಡು ಜಾತಿ, ರೊಬಸ್ಟಾಗೆ ಲಂಡನ್, ಅರೇಬಿಕಾಗೆ ನ್ಯೂಯಾರ್ಕ್. ಲಂಡನ್‌ನಲ್ಲಿ ಟನ್ನಿಗೆ ಇಷ್ಟು ಡಾಲರ್ ಅಂತ ಲೆಕ್ಕ, ನ್ಯೂಯಾರ್ಕ್‌ನಲ್ಲಿ ಪೌಂಡು ತೂಕಕ್ಕೆ ಇಷ್ಟು ಸೆಂಟ್. ಅಲ್ಲಿ ಕಾಫಿ ಮೂಟೆ ತಂದು ಸುರಿದು ಹರಾಜು ಹಾಕುತ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಮುಂದೆ ಇಂಥ ತಿಂಗಳಲ್ಲಿ 10 ಟನ್ ರೊಬಸ್ಟಾ ಈ ರೇಟಿಗೆ ಕೊಡುತ್ತೇನೆ ಅಥವಾ ಕೊಳ್ಳುತ್ತೇನೆ ಅನ್ನುವ ಕರಾರುಗಳು ಕೈ ಬದಲಾಗುತ್ತವೆ. ಬಹುಪಾಲು ಕರಾರು ಕಾಫಿ ಕಣ್ಣಿಗೂ ಬೀಳದೆ ದುಡ್ಡಿನಲ್ಲೇ ಚುಕ್ತಾ ಆಗುತ್ತವೆ.

ಇಟಲಿಯ ಹುರಿಯುವವನಿಗೆ ಜೂನ್ ತಿಂಗಳಿಗೆ ಕಾಫಿ ಬೇಕು. ಅಷ್ಟರಲ್ಲಿ ರೇಟು ಏರಿಬಿಟ್ಟರೆ ಅನ್ನುವ ಭಯ ಅವನಿಗೆ. ನಮ್ಮ ಎಕ್ಸ್‌ಪೋರ್ಟರ್ ಹತ್ತಿರ ಸ್ಟಾಕ್ ಇದೆ, ಹಡಗು ಹತ್ತುವಷ್ಟರಲ್ಲಿ ರೇಟು ಬಿದ್ದುಬಿಟ್ಟರೆ ಅನ್ನುವ ಭಯ ಇವನಿಗೆ. ಇಬ್ಬರೂ ತಮ್ಮ ಭಯವನ್ನು ಆ ಮಾರುಕಟ್ಟೆಯಲ್ಲಿ ಮಾರಿಕೊಳ್ಳುತ್ತಾರೆ. ಕೊಳ್ಳುವವರಲ್ಲಿ ಕಾಫಿಗೂ ತಮಗೂ ಸಂಬಂಧವೇ ಇಲ್ಲದ ಹೂಡಿಕೆ ಫಂಡ್‌ನವರೂ ಇರುತ್ತಾರೆ. ಅವರಿಂದ ಏರಿಳಿತ ಜಾಸ್ತಿ ಆಗುತ್ತದೆ ಅಂತ ಒಂದು ವಾದ. ಅವರಿಲ್ಲದಿದ್ದರೆ ಭಯ ಕೊಳ್ಳುವವರೇ ಇರಲ್ಲ ಅಂತ ಇನ್ನೊಂದು. ನನಗೆ ಎರಡೂ ನಿಜ ಅನ್ನಿಸುತ್ತದೆ.

ಇನ್ನು ಲೆಕ್ಕ. ಲಂಡನ್ ಟನ್ನಿಗೆ 4,000 ಡಾಲರ್ ಇದೆ, ಡಾಲರ್ 85 ರೂಪಾಯಿ ಅಂತ ಇಟ್ಟುಕೊಳ್ಳಿ. ಟನ್ನಿಗೆ 3,40,000 ರೂಪಾಯಿ, ಕೆಜಿಗೆ 340. ಇದು ಸಿಪ್ಪೆ ತೆಗೆದ ಬೀಜದ ರೇಟು. ಬೆಳೆಗಾರ ನಮಗೆ ಕೊಡುವುದು ಒಣಗಿದ ಚೆರಿ, ಅಂದರೆ ಸಿಪ್ಪೆ ಸಮೇತ ಹಣ್ಣು, 50 ಕೆಜಿ ಮೂಟೆ. ಅದರಲ್ಲಿ ಬೀಜ ಎಷ್ಟು ಕೆಜಿ ಸಿಗುತ್ತದೋ ಅದನ್ನು ಔಟ್‌ಟರ್ನ್ ಅನ್ನುತ್ತೇವೆ, ಎಲ್ಲರ ಬಾಯಲ್ಲೂ ಓಟಿ. ಓಟಿ 27 ಬಂದರೆ 27 × 340 = 9,180 ರೂಪಾಯಿ. ಅದರಲ್ಲಿ ಹಲ್ಲಿಂಗ್ (ಸಿಪ್ಪೆ ಬಿಡಿಸುವುದು), ಗ್ರೇಡಿಂಗ್, ಮೂಟೆ, ಲಾರಿ, ಬಂದರಿನ ಖರ್ಚು, ಬ್ಯಾಂಕ್ ಬಡ್ಡಿ, ನಮ್ಮ ಲಾಭ ಕಳೆಯಿರಿ. ನಮ್ಮ ಕಾಫಿಗೆ ಸಾಮಾನ್ಯವಾಗಿ ಲಂಡನ್ ರೇಟಿನ ಮೇಲೆ ಸ್ವಲ್ಪ ಪ್ರೀಮಿಯಂ ಸಿಗುತ್ತದೆ, ಅದನ್ನು ಕೂಡಿಸಿ. ಉಳಿದದ್ದು ಬೆಳೆಗಾರರ ಗೇಟ್ ರೇಟು.

ಈಗ ಡಾಲರ್ 85ರಿಂದ 90 ಆಯಿತು, ಲಂಡನ್ ಅಲ್ಲಾಡಲೇ ಇಲ್ಲ ಅಂದುಕೊಳ್ಳಿ. ಕೆಜಿಗೆ 360. ಮೂಟೆಗೆ 540 ರೂಪಾಯಿ ಜಾಸ್ತಿ. ತೋಟದಲ್ಲಿ ಏನೂ ಬದಲಾಗಿಲ್ಲ, ಗಿಡ ಅದೇ, ಹಣ್ಣು ಅದೇ. ನಿಮ್ಮ ಮಗಳಿಗೆ ವಿನಿಮಯ ದರದ ಪಾಠ ಇದ್ದರೆ ಇಷ್ಟು ಸಾಕು.

ಸುಮ್ನೆ_ಕೇಳ್ದೆ

ಸರಿ, ರಫ್ತಾಗುವ ಕಾಫಿಗೆ ಲಂಡನ್ ರೇಟು ಒಪ್ಪಿದೆ. ಬಸವನಗುಡಿಯವರು ಕುಡಿಯುವುದು ರಫ್ತಾಗದ ಕಾಫಿ ಅಲ್ವಾ? ಅದಕ್ಕೂ ಇಟಲಿಯವರ ರೇಟು ಯಾಕೆ ಕೊಡಬೇಕು? ಇದು ನಮ್ಮ ವ್ಯಾಪಾರಿಗಳ ಆಟ ಅನ್ನಿಸುತ್ತದೆ.

ಲೆಕ್ಕದ_ಮೇಷ್ಟ್ರು

ಒಳ್ಳೆ ಪ್ರಶ್ನೆ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಟ್ಟವನು ನಾನು, ನಿವೃತ್ತನಾದ ಮೇಲೆ ಹಾಸನದಲ್ಲಿ ಇದ್ದೇನೆ. ಪಾಠ ಅನ್ನಿಸಿದರೆ ಕ್ಷಮಿಸಿ, ಅಭ್ಯಾಸ ಬಿಡಲ್ಲ.

ಭಾರತ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಟನ್ ಕಾಫಿ ಬೆಳೆಯುತ್ತದೆ. ಅದರಲ್ಲಿ ಶೇ. 70ರಷ್ಟು ಕರ್ನಾಟಕದ್ದು. ಬೆಳೆದದ್ದರಲ್ಲಿ ಹೆಚ್ಚಿನ ಪಾಲು ಹೊರಗೆ ಹೋಗುತ್ತದೆ, ಅದರಲ್ಲೂ ಇಟಲಿ, ಜರ್ಮನಿ, ರಷ್ಯಾ, ಬೆಲ್ಜಿಯಂ ಕಡೆಗೆ. ಈಗ ಮೂಟೆ_ಲೆಕ್ಕ ಅವರ ಗೋದಾಮಿನಲ್ಲಿ ಒಂದು ಮೂಟೆ ಇದೆ. ಇಟಲಿಗೆ ಕಳಿಸಿದರೆ ಖರ್ಚು ಕಳೆದು 9,000 ಸಿಗುತ್ತದೆ. ನೀವು ಬಸವನಗುಡಿಗೆ 7,000ಕ್ಕೆ ಕೇಳುತ್ತೀರಿ. ಕೊಡುತ್ತಾರಾ? ಕೊಡಲ್ಲ. ಕೊಡಬೇಕಾದರೆ ನೀವೂ 9,000ದ ಹತ್ತಿರ ಬರಬೇಕು. ಹಾಗಾಗಿ ಹಡಗು ಹತ್ತದ ಮೂಟೆಗೂ ಹಡಗು ಹತ್ತಿದ ಮೂಟೆಯ ರೇಟೇ ಅಂಟಿಕೊಳ್ಳುತ್ತದೆ. ವಸ್ತು ಗಡಿ ದಾಟಬೇಕು ಅಂತಿಲ್ಲ, ದಾಟುವ ದಾರಿ ತೆರೆದಿದ್ದರೆ ಸಾಕು.

ಇನ್ನೊಂದು. ಕಾಫಿ ಆಮದಿನ ಮೇಲೆ ಭಾರತದ ಸಾಮಾನ್ಯ ಸುಂಕ ಶೇ. 100. ಹಾಗಿದ್ದೂ ನಮ್ಮ ಒಳಗಿನ ಬೆಲೆಯನ್ನು ಲಂಡನ್ ಆಳುತ್ತದೆ. ಯಾಕೆಂದರೆ ಸುಂಕದ ಗೋಡೆ ಒಳಗೆ ಬರುವ ಮಾಲಿಗೆ. ಹೊರಗೆ ಹೋಗುವ ಮಾಲಿಗೆ ಗೋಡೆ ಇಲ್ಲವಲ್ಲ.

ಕಣದ_ಕಾವಲು

ಮೇಷ್ಟ್ರೇ, ನಮಸ್ಕಾರ. ಸೋಮವಾರಪೇಟೆ ಕಡೆಯವನು ನಾನು, ಸಣ್ಣ ತೋಟ. ಕಾಫಿ, ಅದರ ನೆರಳಿಗಿರುವ ಸಿಲ್ವರ್ ಓಕ್ ಮರದ ಮೇಲೆ ಕಾಳುಮೆಣಸು, ಗದ್ದೆ ಬದಿಯಲ್ಲಿ ಒಂದಿಷ್ಟು ಅಡಿಕೆ.

ನಿಮ್ಮ ಗೋಡೆ ಮಾತು ಕೇಳಿ ಒಂದು ವಿಷಯ ಹೇಳಬೇಕು ಅನ್ನಿಸಿತು. ನಮ್ಮ ಒಂದೇ ಕಣದಲ್ಲಿ ಒಣಗುವ ಮೂರು ಬೆಳೆಗೆ ಮೂರು ಥರದ ಪ್ರಪಂಚ ಇದೆ. ಕಾಫಿಗೆ ಲಂಡನ್. ಬೆಳಗ್ಗೆ ಎದ್ದು ಮೊಬೈಲ್ ನೋಡಿದರೆ ಟರ್ಮಿನಲ್ ರೇಟು (ಅಲ್ಲಿನ ಮಾರುಕಟ್ಟೆ ದರ) ವಾಟ್ಸಾಪ್ ಗ್ರೂಪಿನಲ್ಲಿ ಬಂದಿರುತ್ತದೆ.

ಮೆಣಸು ಬೇರೆ. ನಮ್ಮ ದೇಶದಲ್ಲೇ ತಿನ್ನುವವರು ಬೇಕಾದಷ್ಟು. ಹಾಗಾಗಿ ನಮಗೆ ಭಯ ಒಳಗೆ ಬರುವ ಮಾಲಿನದು. ವಿಯೆಟ್ನಾಂ ಮೆಣಸು ಶ್ರೀಲಂಕಾ ಮೇಲೆ ಸುತ್ತಿ ಬರುತ್ತಿತ್ತು. ಶ್ರೀಲಂಕಾ ಜೊತೆ ಮುಕ್ತ ವ್ಯಾಪಾರ ಒಪ್ಪಂದ 2000ದಿಂದ ಜಾರಿಯಲ್ಲಿದೆ, ಅಲ್ಲಿನ ಮಾಲು ಅಂತ ಕಾಗದ ಇದ್ದರೆ ಸುಂಕದ ರಿಯಾಯಿತಿ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕೆಜಿಗೆ 500 ರೂಪಾಯಿಗಿಂತ ಕಡಿಮೆಗೆ ಆಮದು ಮಾಡಬಾರದು ಅಂತ ಕನಿಷ್ಠ ಬೆಲೆ ಹಾಕಿತು. ಆಮೇಲೂ ಎರಡು ಮೂರು ವರ್ಷ ನಮ್ಮ ಮೆಣಸು 500ರ ಹತ್ತಿರ ಸುಳಿಯಲಿಲ್ಲ. ಬಿಲ್ಲಿನಲ್ಲಿ 500 ತೋರಿಸಿ ತರುತ್ತಾರೆ ಅಂತ ನಮ್ಮವರ ದೂರು.

ಅಡಿಕೆ ಮೂರನೇದು. ಅದಕ್ಕೆ ಲಂಡನ್ನೂ ಇಲ್ಲ, ನ್ಯೂಯಾರ್ಕೂ ಇಲ್ಲ. ಆಮದಿಗೆ ಕನಿಷ್ಠ ಬೆಲೆ 2023ರಲ್ಲಿ ಕೆಜಿಗೆ 251ರಿಂದ 351 ರೂಪಾಯಿಗೆ ಏರಿಸಿದರು. ಗೋಡೆ ಎತ್ತರ ಇದ್ದಷ್ಟು ದಿನ ರೇಟು ನಿಲ್ಲುತ್ತದೆ. 2022ರಲ್ಲಿ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಗೆ ಆ ಕನಿಷ್ಠ ಬೆಲೆ ಬೇಡ ಅಂದಾಗ ಮಲೆನಾಡಿನಲ್ಲಿ ಎಷ್ಟು ಗಲಾಟೆ ಆಯಿತು ನೆನಪಿದೆಯಾ?

ಕಾಫಿ ಬೆಳೆಗಾರ ಆಗಿ ನಾನು ಮುಕ್ತ ವ್ಯಾಪಾರದ ಪರ. ಅಡಿಕೆ ಬೆಳೆಗಾರ ಆಗಿ ಗೋಡೆ ಪರ. ಮೆಣಸಿನ ವಿಷಯಕ್ಕೆ ಬಂದರೆ ಸರ್ಕಾರವನ್ನು ಬೈಯುವ ಪರ. ಮನುಷ್ಯ ಒಬ್ಬನೇ.

ಲೆಕ್ಕದ_ಮೇಷ್ಟ್ರು

ನಿಮ್ಮ ಕಣವೇ ಒಂದು ಪಾಠದ ಪುಸ್ತಕ! ಜಾಗತೀಕರಣ ಅಂದರೆ ಇದೆ ಅಥವಾ ಇಲ್ಲ ಅನ್ನುವ ಸ್ವಿಚ್ ಅಂತ ಮಕ್ಕಳು ತಿಳಿದುಕೊಳ್ಳುತ್ತಾರೆ. ಒಂದೇ ಮನೆಯಲ್ಲಿ ಮೂರು ಪ್ರಮಾಣದಲ್ಲಿ ಇರಬಹುದು ಅಂತ ನಾನು ಕ್ಲಾಸಿನಲ್ಲಿ ಇಷ್ಟು ಚೆನ್ನಾಗಿ ಯಾವತ್ತೂ ಹೇಳಿಲ್ಲ.

ಸುಮ್ನೆ_ಕೇಳ್ದೆ

ಎಲ್ಲ 1991ರಲ್ಲಿ ಶುರು ಆಯಿತು ಅಂತ ಓದಿದ್ದೆ. ಮನಮೋಹನ್ ಸಿಂಗ್ ಬಾಗಿಲು ತೆಗೆದರು, ಪ್ರಪಂಚ ಒಳಗೆ ಬಂತು. ಕಾಫಿಗೂ ಅದೇನಾ?

ಲೆಕ್ಕದ_ಮೇಷ್ಟ್ರು

ಅಯ್ಯೋ, ಕಾಫಿಯೇ ಹೊರಗಿಂದ ಬಂದದ್ದು. ಬಾಬಾ ಬುಡನ್ ಯೆಮೆನ್‌ನಿಂದ ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಹಾಕಿದರು ಅಂತ ನಂಬಿಕೆ. ದೊಡ್ಡ ತೋಟಗಳನ್ನು ಮಾಡಿದವರು ಬ್ರಿಟಿಷರು, ಅದೂ ತಮ್ಮ ಮಾರುಕಟ್ಟೆಗೆ. ನಡುವೆ ಒಂದು ಕಾಲ ಬಾಗಿಲು ಅರ್ಧ ಮುಚ್ಚಿತ್ತು. 1991ರ ನಂತರ ಮತ್ತೆ ತೆರೆಯಿತು.

1991ರ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ದೇಶದ ಹತ್ತಿರ ಇದ್ದ ಡಾಲರ್ ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟಿತ್ತು. ಸುಮಾರು 47 ಟನ್ ಚಿನ್ನ ಬ್ಯಾಂಕ್ ಆಫ್ ಇಂಗ್ಲೆಂಡ್‌ಗೆ ಅಡವಿಗೆ ಹೋಯಿತು. ಜುಲೈ ಮೊದಲ ವಾರ ರೂಪಾಯಿ ಬೆಲೆ ಎರಡು ಸಲ ಇಳಿಸಿದರು. ಐಎಂಎಫ್ ಸಾಲ, ಅದರ ಜೊತೆ ಷರತ್ತು. 1995ರ ಜನವರಿ 1ಕ್ಕೆ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು, ಭಾರತ ಮೊದಲ ದಿನದಿಂದ ಸದಸ್ಯ. ಇದು ಪುಸ್ತಕದಲ್ಲೂ ಇದೆ. ಕಾಫಿ ಕಥೆ ಇನ್ನೂ ಸ್ವಾರಸ್ಯ, ಅದನ್ನು ಸೋಮವಾರಪೇಟೆಯವರು ಹೇಳಲಿ. ಅವರ ಮನೆಯವರು ಪೂಲ್ ಕಾಲ ನೋಡಿರುತ್ತಾರೆ.

ಕಣದ_ಕಾವಲು

ಅಪ್ಪ ನೋಡಿದ್ದಾರೆ. ಆಗ ಬೆಳೆದ ಕಾಫಿ ನಿಮ್ಮದಲ್ಲ, ಕಾಫಿ ಬೋರ್ಡ್‌ನದು. 1942ರ ಕಾಯ್ದೆ. ಎರಡನೇ ಮಹಾಯುದ್ಧದಲ್ಲಿ ರಫ್ತು ನಿಂತು ಬೆಳೆಗಾರರು ಕಂಗಾಲಾದಾಗ ಮಾಡಿದ ವ್ಯವಸ್ಥೆ, ಯುದ್ಧ ಮುಗಿದ ಮೇಲೂ ಉಳಿಯಿತು. ಮನೆ ಬಳಕೆಗೆ ಸ್ವಲ್ಪ ಇಟ್ಟುಕೊಂಡು ಮಿಕ್ಕದ್ದೆಲ್ಲ ಪೂಲ್‌ಗೆ ಕೊಡಬೇಕು. ಬೋರ್ಡ್ ಮಾರಿ, ಕಂತು ಕಂತಾಗಿ ದುಡ್ಡು ಕೊಡುತ್ತಿತ್ತು. ಪೂಲ್ ಪೇಮೆಂಟ್ ಬಂತಾ ಅಂತ ಕೇಳುವುದೇ ಊರಿನ ಮಾತು. ತಡ ಆಗುತ್ತಿತ್ತು, ಆದರೆ ಬರುತ್ತಿತ್ತು.

1992ರಲ್ಲಿ ಒಂದು ಪಾಲು ದೇಶದ ಒಳಗೆ ನೀವೇ ಮಾರಿಕೊಳ್ಳಿ ಅಂದರು. ಆಮೇಲೆ ಇನ್ನಷ್ಟು ಬಿಟ್ಟರು. 1996ರ ಹೊತ್ತಿಗೆ ಪೂರ್ತಿ ನಿಮ್ಮ ಇಷ್ಟ ಅಂದರು. ಅದೇ ಹೊತ್ತಿಗೆ 1994ರಲ್ಲಿ ಬ್ರೆಜಿಲ್‌ಗೆ ಹಿಮ ಬಿದ್ದು ಗಿಡ ಸುಟ್ಟಿದ್ದವು. ರೇಟು ಆಕಾಶಕ್ಕೆ. 1997ರಲ್ಲಿ ಅರೇಬಿಕಾ ನ್ಯೂಯಾರ್ಕ್‌ನಲ್ಲಿ ಪೌಂಡಿಗೆ 3 ಡಾಲರ್ ದಾಟಿತು. ಊರಲ್ಲಿ ಹೊಸ ಮನೆ, ಹೊಸ ಜೀಪು. ಎಲ್ಲರೂ ಹೇಳಿದ್ದು ಒಂದೇ ಮಾತು, "ನೋಡಿ, ಮುಕ್ತ ಮಾರುಕಟ್ಟೆ ಅಂದರೆ ಇದು."

ಮುಕ್ತ ಮಾರುಕಟ್ಟೆ ಅಲ್ಲ, ಬ್ರೆಜಿಲ್‌ನ ಹಿಮ. ಅದು ಗೊತ್ತಾಗಿದ್ದು 2001ರಲ್ಲಿ. ಅರೇಬಿಕಾ ಪೌಂಡಿಗೆ 50 ಸೆಂಟ್‌ಗಿಂತ ಕೆಳಗೆ ಇಳಿಯಿತು. ಕೊಯ್ಯುವ ಕೂಲಿ ಹುಟ್ಟಲ್ಲ ಅಂತ ಹಣ್ಣು ಗಿಡದಲ್ಲೇ ಬಿಟ್ಟವರಿದ್ದಾರೆ. ಬ್ಯಾಂಕ್ ನೋಟಿಸು ಬಂದ ಮನೆಗಳು ಎಷ್ಟೋ. ಆಗ ಪೂಲ್ ಇರಲಿಲ್ಲ.

ಎಲ್ಬೆ_ದಂಡೆ

ಹ್ಯಾಂಬರ್ಗ್‌ನಿಂದ ನಮಸ್ಕಾರ. ಮೂಲ ಮೂಡಿಗೆರೆ, ಇಲ್ಲಿ ಬಂದರಿನ ಸರಕು ಸಾಗಣೆ ಕಂಪನಿಯಲ್ಲಿ ಕೆಲಸ. 2001ರ ಹೊಡೆತದ ಹಿಂದೆ ಜರ್ಮನಿಯ ಒಂದು ಕಥೆ ಇದೆ, ನಮ್ಮೂರಿನಲ್ಲಿ ಯಾರಿಗೂ ಗೊತ್ತಿಲ್ಲ.

1975ರ ಜುಲೈನಲ್ಲಿ ಬ್ರೆಜಿಲ್‌ನ ಪರಾನಾ ಪ್ರಾಂತ್ಯದಲ್ಲಿ ಭಾರಿ ಹಿಮ ಬಿತ್ತು. ಪ್ರಪಂಚದಲ್ಲೆಲ್ಲ ಕಾಫಿ ರೇಟು ಏರಿತು. ಆಗ ಪೂರ್ವ ಜರ್ಮನಿ ಅಂತ ಕಮ್ಯುನಿಸ್ಟ್ ದೇಶ ಇತ್ತಲ್ಲ, ಅವರ ಹತ್ತಿರ ಡಾಲರ್ ಇಲ್ಲ. 1977ರಲ್ಲಿ ಕಾಫಿಗೆ ಬಟಾಣಿ, ರೈ ಎಲ್ಲ ಬೆರೆಸಿ ಹಂಚಿದರು. ಜನ ರೊಚ್ಚಿಗೆದ್ದರು. ಸರ್ಕಾರಕ್ಕೇ ಭಯ ಆಯಿತು. ಡಾಲರ್ ಬೇಡದ ಕಾಫಿ ಎಲ್ಲಿ ಸಿಗುತ್ತದೆ ಅಂತ ಹುಡುಕಿ 1980ರಲ್ಲಿ ವಿಯೆಟ್ನಾಂ ಜೊತೆ ಒಪ್ಪಂದ ಮಾಡಿಕೊಂಡರು. ಡಾಕ್ ಲಾಕ್ ಪ್ರಾಂತ್ಯದಲ್ಲಿ ತೋಟ ಹಾಕಲು ಯಂತ್ರ, ಲಾರಿ, ದುಡ್ಡು ಕಳಿಸಿದರು.

ಕಾಫಿ ಗಿಡ ಫಸಲಿಗೆ ಬರಲು ವರ್ಷಗಳು ಬೇಕು. ಫಸಲು ಕೈಗೆ ಬರುವ ಹೊತ್ತಿಗೆ 1989ರಲ್ಲಿ ಬರ್ಲಿನ್ ಗೋಡೆ ಬಿತ್ತು, ಮರುವರ್ಷ ಆ ದೇಶವೇ ಇಲ್ಲ! ವಿಯೆಟ್ನಾಂ ಅಷ್ಟರಲ್ಲಿ ತಾನೂ ಬಾಗಿಲು ತೆಗೆದಿತ್ತು, 1986ರಿಂದ. ಪೂರ್ವ ಜರ್ಮನಿ ಒಂದೇ ಕಾರಣ ಅಂತಲ್ಲ, ಅಲ್ಲಿನ ಸರ್ಕಾರದ ಸಾಲ, ಭೂಮಿ ಹಂಚಿಕೆ, ನೀರಾವರಿ, ಗೊಬ್ಬರ ಎಲ್ಲ ಸೇರಿತು. ಎಕರೆಗೆ ನಮ್ಮ ಎರಡು ಪಟ್ಟಿಗಿಂತ ಜಾಸ್ತಿ ರೊಬಸ್ಟಾ ತೆಗೆಯುತ್ತಾರೆ. 2000ದ ಹೊತ್ತಿಗೆ ಬ್ರೆಜಿಲ್ ಬಿಟ್ಟರೆ ವಿಯೆಟ್ನಾಮೇ. ಅಷ್ಟು ಕಾಫಿ ಮಾರುಕಟ್ಟೆಗೆ ಬಂದದ್ದೂ 2001ರಲ್ಲಿ ರೇಟು ಬೀಳಲು ಕಾರಣ.

ಪರಾನಾದ ಹಿಮ, ಪೂರ್ವ ಜರ್ಮನಿಯ ಬಟಾಣಿ ಕಾಫಿ, ಡಾಕ್ ಲಾಕ್‌ನ ತೋಟ, ಸೋಮವಾರಪೇಟೆಯ ಬ್ಯಾಂಕ್ ನೋಟಿಸು. ಕಾಲು ಶತಮಾನ ಹಿಡಿಯಿತು.

ಲೆಕ್ಕದ_ಮೇಷ್ಟ್ರು

ಅದಕ್ಕೆ ಇನ್ನೊಂದು ಕೊಂಡಿ ಸೇರಿಸಿ. 1962ರಿಂದ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಅಂತ ಒಂದಿತ್ತು. ಬೆಳೆಯುವ ದೇಶಗಳು, ಕುಡಿಯುವ ದೇಶಗಳು ಒಟ್ಟಿಗೆ ಕೂತು ಯಾರು ಎಷ್ಟು ರಫ್ತು ಮಾಡಬೇಕು ಅಂತ ಕೋಟಾ ಹಾಕಿಕೊಳ್ಳುತ್ತಿದ್ದರು. ರೇಟು ತೀರಾ ಬೀಳದಂತೆ ತಡೆ. ಕೋಟಾಕ್ಕಿಂತ ಜಾಸ್ತಿ ಆದದ್ದನ್ನು ನಾವು ಒಪ್ಪಂದದ ಹೊರಗಿದ್ದ ಸೋವಿಯತ್ ಒಕ್ಕೂಟಕ್ಕೆ ರೂಪಾಯಿ ಲೆಕ್ಕದಲ್ಲಿ ಮಾರುತ್ತಿದ್ದೆವು. 1989ರ ಜುಲೈನಲ್ಲಿ ಕೋಟಾ ಮುರಿದುಬಿತ್ತು. ಕೆಲವೇ ತಿಂಗಳಲ್ಲಿ ರೇಟು ಅರ್ಧದ ಹತ್ತಿರ ಬಂತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಹೋಯಿತು. ಅಂದರೆ ಕಾಫಿ ಬೋರ್ಡ್ ಪೂಲ್ ಬಿಟ್ಟುಕೊಟ್ಟದ್ದು ದೆಹಲಿಯವರ ತಲೆಗೆ ಹೊಳೆದ ಹೊಸ ಐಡಿಯಾ ಮಾತ್ರ ಅಲ್ಲ. ಅದು ನಿಂತಿದ್ದ ಎರಡೂ ಕಂಬ ಹೊರಗೆ ಬಿದ್ದುಹೋಗಿದ್ದವು.

ರಿಕಾರ್ಡೊ 1817ರಲ್ಲಿ ಹೇಳಿದ ತುಲನಾತ್ಮಕ ಅನುಕೂಲ ಪರೀಕ್ಷೆಗೆ ಬರುತ್ತದೆ, ಹುಡುಗಿಗೆ ಹೇಳಿ. ಪೋರ್ಚುಗಲ್ ವೈನ್ ಮಾಡಲಿ, ಇಂಗ್ಲೆಂಡ್ ಬಟ್ಟೆ ಮಾಡಲಿ, ಬದಲಾಯಿಸಿಕೊಂಡರೆ ಇಬ್ಬರಿಗೂ ಲಾಭ ಅನ್ನುವ ಲೆಕ್ಕ. ಲೆಕ್ಕ ಸರಿ. ಆದರೆ ಅನುಕೂಲ ಅನ್ನುವುದು ದೇವರು ಹಣೆಯಲ್ಲಿ ಬರೆದದ್ದಲ್ಲ. ಹದಿನೈದು ಇಪ್ಪತ್ತು ವರ್ಷದಲ್ಲಿ ವಿಯೆಟ್ನಾಂ ಅದನ್ನು ಕಟ್ಟಿಕೊಂಡಿತು. ಒಂದು ದೇಶ ಕಟ್ಟಿಕೊಂಡಾಗ ಇನ್ನೊಂದು ಕಡೆ ಗಿಡ ಕಿತ್ತು ಬೇರೆ ಬೆಳೆ ಹಾಕು ಅನ್ನುವುದು ಪುಸ್ತಕದಲ್ಲಿ ಒಂದು ಸಾಲು. ತೋಟದಲ್ಲಿ ಒಂದು ತಲೆಮಾರು.

ಬಸವನಗುಡಿ_ಡಿಕಾಕ್ಷನ್

ಎಲ್ಲರಿಗೂ ಧನ್ಯವಾದ, ಮಗಳೂ ಪಕ್ಕದಲ್ಲಿ ಕೂತು ಓದುತ್ತಿದ್ದಾಳೆ. ಆದರೆ ನನ್ನ ಎರಡನೇ ಪ್ರಶ್ನೆ ಹಾಗೇ ಉಳಿಯಿತು. 2024-25ರಲ್ಲಿ ರೇಟು ಏರಿತಲ್ಲ, ದುಡ್ಡು ಯಾರಿಗೆ ಹೋಯಿತು?

ಮೂಟೆ_ಲೆಕ್ಕ

ವಿಯೆಟ್ನಾಂನಲ್ಲಿ ಬರ, ಬ್ರೆಜಿಲ್‌ನಲ್ಲಿ ಬರ, ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ. ಮಂಗಳೂರು, ಕೊಚ್ಚಿಯಿಂದ ಇಟಲಿಗೆ ಸುಯೆಜ್ ಮೇಲೆ ಹೋಗಬೇಕಾದ ಕಂಟೇನರ್ ಆಫ್ರಿಕಾ ಸುತ್ತಿ ಹೋಗತೊಡಗಿತು. ಬಾಡಿಗೆ ಏರಿತು, ದಿನ ಜಾಸ್ತಿ ಆಯಿತು. ಲಂಡನ್ ರೊಬಸ್ಟಾ 2025ರ ಆರಂಭದಲ್ಲಿ 5,500 ಡಾಲರ್ ದಾಟಿತು. ಫೆಬ್ರವರಿಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ಮೇಲೆ ಹೋಯಿತು, ಹಿಂದೆ ಯಾವತ್ತೂ ಹೋಗಿರಲಿಲ್ಲ.

ದುಡ್ಡು ಯಾರಿಗೆ ಅಂದರೆ, ಯಾರ ಗೋದಾಮಿನಲ್ಲಿ ಆ ದಿನ ಮೂಟೆ ಇತ್ತೋ ಅವರಿಗೆ. ನೇರವಾಗಿ ಹೇಳುತ್ತೇನೆ, ನಮ್ಮ ಕಡೆಯವರೂ ಅದರಲ್ಲಿ ಸೇರಿದ್ದಾರೆ. ಹಾಗಂತ ಎಲ್ಲ ಎಕ್ಸ್‌ಪೋರ್ಟರ್‌ಗಳೂ ಗೆದ್ದರು ಅಂತಲ್ಲ. ಕಡಿಮೆ ರೇಟಿಗೆ ಮೊದಲೇ ಕರಾರು ಮಾಡಿಕೊಂಡು, ಆಮೇಲೆ ಮಾಲು ಸಿಗದೆ ಜಾಸ್ತಿ ರೇಟಿಗೆ ಕೊಂಡು ಕಳಿಸಿ ಕೈಸುಟ್ಟುಕೊಂಡವರಿದ್ದಾರೆ.

ಕಣದ_ಕಾವಲು

ಭಾರತದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕಿಂತ ಜಾಸ್ತಿ ಸಣ್ಣವು. ಸಣ್ಣವನಿಗೆ ಗೋದಾಮು ಎಲ್ಲಿ? ಕೊಯ್ಲು ನಡೆಯುವಾಗಲೇ ವಾರದ ಬಟವಾಡೆ ಕೊಡಬೇಕು. ಸಹಕಾರ ಸಂಘದ ಸಾಲ ಮಾರ್ಚ್ ಒಳಗೆ ಕಟ್ಟಬೇಕು. ಹಾಗಾಗಿ ಜನವರಿ ಫೆಬ್ರವರಿಯಲ್ಲಿ ಕಣದಿಂದಲೇ ಮೂಟೆ ಎತ್ತಿಸುತ್ತೇವೆ. ರೇಟು ಏಪ್ರಿಲ್‌ನಲ್ಲಿ ಏರಿದರೆ ಪೇಪರಿನಲ್ಲಿ ಓದುತ್ತೇವೆ.

ಮಾರುವ ದಿನ ಹೇಗಿರುತ್ತದೆ ಅಂತ ಪೇಟೆಯವರಿಗೆ ಗೊತ್ತಿರಲಿಕ್ಕಿಲ್ಲ. ಕಾಯಿ ಒಣಗಿದೆಯಾ ಅಂತ ನಾವು ಒಂದು ಹಿಡಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸುತ್ತೇವೆ. ಒಳಗೆ ಬೀಜ ಗಲಗಲ ಅಂದರೆ ಸರಿ. ವ್ಯಾಪಾರಿ ಮೂಟೆ ಮೂಟೆಯಿಂದ ಸ್ಯಾಂಪಲ್ ತೆಗೆದು ಚಿಕ್ಕ ಹಲ್ಲರ್‌ಗೆ ಹಾಕಿ ಸಿಪ್ಪೆ ಬಿಡಿಸುತ್ತಾನೆ, ಬೀಜ ತೂಗುತ್ತಾನೆ, ಮಾಯಿಶ್ಚರ್ ಮೀಟರ್‌ಗೆ ಸುರಿಯುತ್ತಾನೆ. ಕಣದಲ್ಲಿ ಹರಡಿದಾಗ ಒಂದು ಅಕಾಲ ಮಳೆ ಬಿದ್ದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಓಟಿ 28 ಅಂದುಕೊಂಡಿದ್ದು 26 ಆಗುತ್ತದೆ. ಆ ಮೀಟರ್ ಅವನದು, ತಕ್ಕಡಿ ಅವನದು, ಲಾರಿ ಅವನದು. ಲಂಡನ್ ರೇಟು ಮಾತ್ರ ಇಬ್ಬರ ಮೊಬೈಲಿನಲ್ಲೂ ಒಂದೇ.

ಆದರೂ ಒಂದು ಮಾತು ಹೇಳಲೇಬೇಕು, ಆ ಎರಡು ವರ್ಷ ನಾವೂ ಉಸಿರಾಡಿದೆವು. ಹಳೇ ಸಾಲ ತೀರಿಸಿದವರು ತುಂಬಾ ಜನ.

ರೈಟರ್_ಮಗಳು

ಇಷ್ಟು ಹೊತ್ತು ಓದಿದೆ. ಯಾರೂ ಕೊಯ್ಯುವವರ ಬಗ್ಗೆ ಒಂದು ಮಾತು ಆಡಲಿಲ್ಲ. ಅಪ್ಪ ಸಿದ್ದಾಪುರ ಕಡೆ ಎಸ್ಟೇಟ್ ರೈಟರ್ (ಹಾಜರಿ, ಲೆಕ್ಕ ಬರೆಯುವವರು) ಆಗಿದ್ದರು, ನಾನು ಕಾರ್ಮಿಕರ ಲೈನ್ ಮನೆಗಳ ಪಕ್ಕದಲ್ಲೇ ಬೆಳೆದವಳು.

ಮೊದಲು ಕೊಯ್ಲಿಗೆ ಬಯಲುಸೀಮೆ ಕಡೆಯಿಂದ, ತಮಿಳುನಾಡಿನಿಂದ ಜನ ಬರುತ್ತಿದ್ದರು. ಈಗ ಬೆಳಗ್ಗೆ ಹಾಜರಿ ಕರೆದರೆ ಜಾಸ್ತಿ ಅಸ್ಸಾಮಿನ ಹೆಸರುಗಳು. ಬಯಲುಸೀಮೆಯ ಹೆಣ್ಣುಮಕ್ಕಳು ಎಲ್ಲಿ ಹೋದರು? ತುಂಬಾ ಜನ ಗಾರ್ಮೆಂಟ್ಸ್‌ಗೆ ಹೋದರು. ಅದೂ ರಫ್ತಿನ ಕೆಲಸವೇ. ಶ್ರೀಮಂತ ದೇಶಗಳು ಬಟ್ಟೆ ಆಮದಿಗೆ ಹಾಕಿದ್ದ ಕೋಟಾ 2005ರ ಜನವರಿಗೆ ಮುಗಿಯಿತು. ಗಾರ್ಮೆಂಟ್ಸ್ ಕೆಲಸ ತೋಟದಿಂದ ಜನರನ್ನು ಎಳೆಯಿತು, ಆ ಜಾಗಕ್ಕೆ ಅಸ್ಸಾಮಿನಿಂದ ಬಂದರು. ಪ್ರಪಂಚದ ಲೆಕ್ಕದಲ್ಲಿ ಕಾರ್ಮಿಕರು ದೇಶ ದಾಟುವುದು ಕಷ್ಟ, ವೀಸಾ ಬೇಕು. ದೇಶದ ಒಳಗೇ ಮೂರು ದಿನದ ರೈಲು ಹತ್ತುತ್ತಾರೆ.

ಕೊಯ್ಯುವುದು ಕೆಜಿ ಲೆಕ್ಕ. ಸಂಜೆ ತಕ್ಕಡಿ ಹತ್ತಿರ ಸಾಲು ನಿಲ್ಲುತ್ತಾರೆ, ರೈಟರ್ ಬರೆದುಕೊಳ್ಳುತ್ತಾರೆ. ರೊಬಸ್ಟಾ ಒಂದೆರಡು ವರ್ಷದಲ್ಲಿ ದುಪ್ಪಟ್ಟು ಆಯಿತು ಅಂತ ಎಲ್ಲರೂ ಹೇಳಿದಿರಿ. ಕೆಜಿ ಕೂಲಿ ದುಪ್ಪಟ್ಟು ಆಯಿತಾ? ಸ್ವಲ್ಪ ಏರಿತು, ಅದೂ ಜನ ಸಿಗಲ್ಲ ಅಂತ. ರೇಟು ಬಿದ್ದಾಗ ಮೊದಲು ನಿಲ್ಲುವುದು ಅವರ ಕೆಲಸ.

ಕಣದ_ಕಾವಲು

ಅಕ್ಕ, ನೀವು ಹೇಳಿದ್ದು ನಿಜ. ನಮ್ಮ ಖರ್ಚಿನಲ್ಲಿ ದೊಡ್ಡ ಪಾಲು ಕೂಲಿಯೇ, ಅದನ್ನೂ ಒಪ್ಪಿಕೊಳ್ಳಿ. ಬ್ರೆಜಿಲ್‌ನ ದೊಡ್ಡ ತೋಟದಲ್ಲಿ ಯಂತ್ರ ಹೋಗುತ್ತದೆ. ನಮ್ಮ ಇಳಿಜಾರಿನಲ್ಲಿ, ಮರದ ನೆರಳಿನಲ್ಲಿ ಯಂತ್ರ ಹೋಗಲ್ಲ. ಅವನ ರೇಟೇ ನಮಗೂ ರೇಟು, ಖರ್ಚು ಮಾತ್ರ ಬೇರೆ.

ಸುಮ್ನೆ_ಕೇಳ್ದೆ

ಪುಡಿ ರೇಟಿನ ಬಗ್ಗೆ ಒಂದು ಕೊಂಕು. 2025ರ ಜುಲೈ ಹೊತ್ತಿಗೆ ಲಂಡನ್ 3,500ರ ಆಸುಪಾಸಿಗೆ ಇಳಿದಿತ್ತು. ನಮ್ಮ ಬೀದಿ ಅಂಗಡಿಯಲ್ಲಿ ಇಳಿಯಲಿಲ್ಲ. ಏರುವಾಗ ಲಿಫ್ಟು, ಇಳಿಯುವಾಗ ಮೆಟ್ಟಿಲು.

ಮೂಟೆ_ಲೆಕ್ಕ

ಪುಡಿಯವರು ಜಾಸ್ತಿ ರೇಟಿನಲ್ಲಿ ಕೊಂಡ ಸ್ಟಾಕ್ ಮುಗಿಸಬೇಕು ಅಲ್ವಾ? ಅದು ಅರ್ಧ ಕಾರಣ. ಇನ್ನರ್ಧ, ಗಿರಾಕಿ ಆ ರೇಟಿಗೆ ಒಗ್ಗಿಹೋಗಿದ್ದಾನೆ. 😄

ಎಲ್ಬೆ_ದಂಡೆ

ಇಲ್ಲಿಯ ಕಡೆಯದೂ ಸ್ವಲ್ಪ ಹೇಳುತ್ತೇನೆ. ಜರ್ಮನಿಯಲ್ಲಿ ಒಂದು ಕಾಫಿ ಗಿಡ ಇಲ್ಲ, ಆದರೆ ಹುರಿದ ಕಾಫಿ ರಫ್ತು ಮಾಡುವ ದೊಡ್ಡ ದೇಶಗಳಲ್ಲಿ ಇದೂ ಒಂದು. ಯುರೋಪ್ ಒಕ್ಕೂಟಕ್ಕೆ ಹಸಿ ಬೀಜ ತಂದರೆ ಸುಂಕ ಸೊನ್ನೆ. ಹುರಿದು ತಂದರೆ ಸಾಮಾನ್ಯ ಸುಂಕ ಶೇ. 7.5, ಕೆಲವು ದೇಶಗಳಿಗೆ ರಿಯಾಯಿತಿ ಇದೆ. ಅಂದರೆ ಬೀಜ ಕಳಿಸಿ, ಹುರಿಯುವುದು ನಮಗೆ ಬಿಡಿ ಅನ್ನುವ ಹಾಗೆ. ಅದರ ಮೇಲೆ ಜರ್ಮನ್ ಸರ್ಕಾರ ಹುರಿದ ಕಾಫಿ ಕೆಜಿಗೆ 2.19 ಯೂರೋ ಕಾಫಿ ತೆರಿಗೆ ತೆಗೆದುಕೊಳ್ಳುತ್ತದೆ. ಈ ಒಂದು ತೆರಿಗೆಯನ್ನೇ ರೂಪಾಯಿಗೆ ತಿರುಗಿಸಿ ನೋಡಿ. ನಮ್ಮೂರಿನಲ್ಲಿ ಒಂದು ಕೆಜಿ ರೊಬಸ್ಟಾ ಬೀಜಕ್ಕೆ ಎಷ್ಟೋ ವರ್ಷ ಅದಕ್ಕಿಂತ ಕಡಿಮೆ ಸಿಕ್ಕಿದೆ.

ಅಮೆರಿಕದ ಕಥೆ ಇನ್ನೂ ತಮಾಷೆ. 2025ರ ಆಗಸ್ಟ್‌ನಲ್ಲಿ ಟ್ರಂಪ್ ಬ್ರೆಜಿಲ್ ಮಾಲಿಗೆ ಶೇ. 50 ಸುಂಕ ಹಾಕಿದರು, ಕಾಫಿಯೂ ಸೇರಿ. ತಾವು ಕುಡಿಯುವ ಕಾಫಿಯನ್ನು ಹವಾಯಿ, ಪೋರ್ಟೊ ರಿಕೊ ಬಿಟ್ಟರೆ ಬೆಳೆಯಲು ಅವರಿಗೆ ಜಾಗವೇ ಇಲ್ಲ. ಅಂಗಡಿಯಲ್ಲಿ ರೇಟು ಏರಿ ಜನ ಗೊಣಗಿದ ಮೇಲೆ ನವೆಂಬರ್‌ನಲ್ಲಿ ಕಾಫಿಯನ್ನು ಸುಂಕದಿಂದ ಬಿಟ್ಟರು.

ಲೆಕ್ಕದ_ಮೇಷ್ಟ್ರು

ಸುಂಕ ಯಾರು ಕಟ್ಟುತ್ತಾರೆ ಅಂತ ಕೇಳಿದರೆ ಅರ್ಧ ಕ್ಲಾಸು "ರಫ್ತು ಮಾಡುವ ದೇಶ" ಅನ್ನುತ್ತಿತ್ತು. ಈ ಉದಾಹರಣೆ ಆಗ ಇರಬೇಕಿತ್ತು.

ಕಣದ_ಕಾವಲು

ಯುರೋಪ್ ಅಂದಾಗ ನೆನಪಾಯಿತು. ಕಾಡು ಕಡಿದ ಜಾಗದ ಕಾಫಿ ಕೊಳ್ಳಲ್ಲ ಅನ್ನುವ ಹೊಸ ಕಾನೂನು, ಅದಕ್ಕೆ ತೋಟದ ಜಾಗ ಮ್ಯಾಪಿನಲ್ಲಿ ತೋರಿಸಬೇಕಂತೆ. ನಮ್ಮ ಜಾಗ ಇನ್ನೂ ಅಣ್ಣತಮ್ಮಂದಿರ ಜಂಟಿ ಖಾತೆಯಲ್ಲಿದೆ, ಪಾಲು ಆಗಿಲ್ಲ. ನಮ್ಮದು 9 ಎಕರೆ. ಏನು ಮಾಡಬೇಕು, ಯಾರಾದರೂ ಮಾಡಿಸಿದ್ದೀರಾ?

ಮೂಟೆ_ಲೆಕ್ಕ

2023ರ ಕಾನೂನು. ಜಾರಿ ದಿನಾಂಕ ಮುಂದೆ ಹೋಗುತ್ತಲೇ ಇದೆ, ಆದರೆ ಕೊಳ್ಳುವವರು ಈಗಲೇ ಕೇಳುತ್ತಿದ್ದಾರೆ. 2020ರ ಡಿಸೆಂಬರ್ 31ರ ಈಚೆಗೆ ಕಾಡು ಕಡಿದ ಜಾಗ ಆಗಿರಬಾರದು ಅನ್ನುವುದು ಮುಖ್ಯ ಷರತ್ತು. ನೆರಳಿನ ಮರದ ಕೆಳಗೆ ಅಜ್ಜನ ಕಾಲದಿಂದ ಬೆಳೆಯುವವರಿಗೆ ಅದರಲ್ಲಿ ಭಯ ಇಲ್ಲ. ತಲೆನೋವು ಇರುವುದು ಕಾಗದದಲ್ಲಿ.

4 ಹೆಕ್ಟೇರ್ ಒಳಗಿನ ಜಾಗಕ್ಕೆ ಒಂದು ಪಾಯಿಂಟ್ ಲೊಕೇಶನ್ ಸಾಕು. ಅದಕ್ಕಿಂತ ದೊಡ್ಡದಾದರೆ ಸುತ್ತ ಗಡಿ ಪೂರ್ತಿ ಗುರುತು ಹಾಕಬೇಕು. 9 ಎಕರೆ ಅಂದರೆ ನೀವು 4 ಹೆಕ್ಟೇರ್ ಒಳಗೇ ಬರುತ್ತೀರಿ. ಕಾಫಿ ಬೋರ್ಡ್ ಇದಕ್ಕೆ ಮೊಬೈಲ್ ಆ್ಯಪ್ ಮಾಡಿದೆ. ಜಂಟಿ ಖಾತೆ ಅಂತ ಸುಮ್ನೆ ಕೂರಬೇಡಿ. ಪಹಣಿ, ಆಧಾರ್ ಹಿಡಿದುಕೊಂಡು ನಿಮ್ಮ ಕಡೆಯ ಕಾಫಿ ಬೋರ್ಡ್ ಆಫೀಸಿಗೆ ಹೋಗಿ, ಯಾರು ಸಾಗುವಳಿ ಮಾಡುತ್ತಿದ್ದೀರೋ ಅವರ ಹೆಸರಲ್ಲಿ ಆಗುತ್ತದಾ ಕೇಳಿ.

ಕಣದ_ಕಾವಲು

ಸೋಮವಾರ ಹೋಗುತ್ತೇನೆ. ತಮ್ಮನ ಸಹಿ ಬೇಕು ಅಂದರೆ ಮಾತ್ರ ಕಷ್ಟ, ಅವನು ದುಬೈನಲ್ಲಿದ್ದಾನೆ.